ಸ್ಟೇರಿಂಗ್ ಬಿಚ್ಚುವ ಪಂಚಾಯ್ತಿ

ಹಳೆ ಟ್ರ್ಯಾಕ್ಟರಿನ ಸ್ಟೇರಿಂಗ್ ಬಿಚ್ಚುವುದಕ್ಕೆ ಎರಡು ಕೈ, ಒಂದು ಪಾನಾ ಸಾಕು. ಅದು ಬರುತ್ತಿಲ್ಲ ಅನ್ನುವ ಸುದ್ದಿ ಹೊರಬಿದ್ದರೆ ಮಾತ್ರ ಕಥೆಯೇ ಬೇರೆ. ಕಲಬುರಗಿ ಜಿಲ್ಲೆಯ ಕಮಲಾಪುರದ ಬಾಳೆ ತೋಟವಿರಲಿ, ಚಿತ್ತಾಪುರದ ತೊಗರಿ ಹೊಲವಿರಲಿ, ಬೇವಿನ ಮರದ ಕೆಳಗೆ ಐದಾರು ಮಂದಿ ಕೂಡಿಯೇ ಬಿಡುತ್ತಾರೆ. ಅವರೊಳಗೆ ಒಬ್ಬ ಕಾಕಾ ಇರಲೇಬೇಕು.

"ಏನ್ ನೋಡ್ಕೋತ ನಿಂತಿ ತಮ್ಮಾ, ತಳಗಿಂದ ಒಂದ್ ಕೊಡು ಜೋರ್ಲೆ!"

ತಳಗಿಂದ ಜೋರಾಗಿ ಕೊಟ್ಟರೆ ಏನಾಗುತ್ತದೆ? ಕಡ್ಡಿ ಬಾಗುತ್ತದೆ, ರಿಮ್ಮಿನ ಮೇಲಿನ ಪ್ಲಾಸ್ಟಿಕ್ ಸೀಳುತ್ತದೆ, ಕಡ್ಡಿಗಳು ಕೂಡುವ ನಡುವಿನ ಗಡ್ಡೆ, ಅಂದರೆ ಹಬ್, ಇದ್ದಲ್ಲೇ ಇರುತ್ತದೆ. ಏಟೆಲ್ಲ ರಿಮ್ಮೇ ನುಂಗಿಕೊಂಡು ನಡುವಿಗೆ ಏನೂ ಮುಟ್ಟಿಸುವುದಿಲ್ಲ. ಬೇವಿನ ಟೊಂಗೆಗೆ ಹಗ್ಗ ಕಟ್ಟಿ ಮೇಲಕ್ಕೆ ಜಗ್ಗುವ ಎರಡನೆಯ ಸಲಹೆಯ ಫಲವೂ ಅಷ್ಟೇ, ಜೊತೆಗೊಂದು ಟೊಂಗೆ ಖರ್ಚು.

ಹಿಡಿದಿರುವುದು ಎಲ್ಲಿ ಅಂತ ಮೊದಲು ನೋಡಬೇಕು. ಹಬ್ಬಿನ ಒಳಗೂ ಅದನ್ನು ಹೊತ್ತ ಸಲಾಕೆಯ, ಅಂದರೆ ಶಾಫ್ಟಿನ, ತುದಿಯ ಮೇಲೂ ಸಣ್ಣ ಸಣ್ಣ ಹಲ್ಲುಗಳಿರುತ್ತವೆ, ಒಂದರೊಳಗೊಂದು ಕೂತಿರುತ್ತವೆ. ಕೆಲವು ಗಾಡಿಗಳಲ್ಲಿ ಹಲ್ಲಿನ ಬದಲು ತುದಿಗೆ ಹೋದಂತೆ ಸಣ್ಣಗಾಗುವ ಶಾಫ್ಟು, ಹಬ್ಬು ಅದರ ಮೇಲೆ ಜಾರದಂತೆ ಹಿಡಿಯಲು ಅರ್ಧಚಂದ್ರದ ಒಂದು ಕಬ್ಬಿಣದ ತುಂಡು, ಅದಕ್ಕೆ ಚಾವಿ ಅನ್ನುತ್ತಾರೆ. ನಡುವಿನ ಪ್ಲಾಸ್ಟಿಕ್ ಟೋಪಿ ಎಂದೋ ಹಾರಿ ಹೋಗಿರುತ್ತದೆ, ಮಳೆನೀರು ನೇರ ಅಲ್ಲಿಗೇ ಇಳಿಯುತ್ತದೆ. ಎರೆಮಣ್ಣಿನ ಧೂಳು ಆ ತೇವವನ್ನು ಬಿಡದೆ ಹಿಡಿದಿಡುತ್ತದೆ. ಕಬ್ಬಿಣ ಜಂಗಾದರೆ ಕಬ್ಬಿಣದಷ್ಟೇ ಜಾಗದಲ್ಲಿ ಇರುವುದಿಲ್ಲ, ಉಬ್ಬುತ್ತದೆ. ಮದುವೆಗೆ ಬಂದ ದೂರದ ನೆಂಟರಂತೆ, ಒಳಗೆ ಬಂದ ಮೇಲೆ ದುಪ್ಪಟ್ಟು ಜಾಗ ಹಿಡಿಯುತ್ತದೆ. ಹಲ್ಲುಗಳ ನಡುವೆ ಹೀಗೆ ಉಬ್ಬಿದ ಜಂಗು ಬೆಣೆಯ ಕೆಲಸ ಮಾಡುತ್ತಿರುತ್ತದೆ. ನಾವು ಬಿಡಿಸಬೇಕಾದದ್ದು ಆ ಬೆಣೆಯನ್ನು.

ತೋಟದ ಸಣ್ಣ ಟ್ರ್ಯಾಕ್ಟರುಗಳಲ್ಲಿ ಇನ್ನೊಂದು ಮೋಸ ಇದೆ. ನಟ್ಟೂ ಇಲ್ಲ, ಏನೂ ಇಲ್ಲ, ಹಬ್ಬಿನ ಕುತ್ತಿಗೆಯಲ್ಲಿ ಅಡ್ಡಡ್ಡ ಒಂದು ಪಿನ್ನು. ಗ್ರೀಸು, ಧೂಳು ಮೆತ್ತಿ ಅದು ಕಣ್ಣಿಗೇ ಬೀಳುವುದಿಲ್ಲ. ಪಿನ್ನು ಒಳಗಿಟ್ಟುಕೊಂಡೇ ಮಧ್ಯಾಹ್ನದವರೆಗೆ ಜಗ್ಗಿದ ಪೈಲ್ವಾನರು ಈ ಜಿಲ್ಲೆಯಲ್ಲಿ ಕಡಿಮೆ ಇಲ್ಲ. ಬಟ್ಟೆಗೆ ಡಿಸೇಲ್ ಹಚ್ಚಿ ಕುತ್ತಿಗೆಯ ಸುತ್ತ ಒರೆಸಿ, ಬೆರಳಾಡಿಸಿ ನೋಡಿ. ಪಿನ್ನು ಸಿಕ್ಕರೆ ಅದಕ್ಕಿಂತ ತುಸುವೇ ಸಣ್ಣ ಇರುವ ಪಂಚಿನಿಂದ ಹೊರಗೆ ದಬ್ಬಿ. ಎದುರಿನ ಬದಿಗೆ ಕಟ್ಟಿಗೆಯ ತುಂಡು ಆನಿಸಿ ಹಿಡಿಯಬೇಕು, ಇಲ್ಲದಿದ್ದರೆ ಶಾಫ್ಟು ಬಾಗುತ್ತದೆ.

ನಟ್ಟಿದ್ದರೆ ಕೆಲಸ ಹೀಗೆ. ಮುಂದಿನ ಗಾಲಿ ನೆಟ್ಟಗೆ ನಿಲ್ಲಿಸಿ. ಸ್ಟೇರಿಂಗಿನಲ್ಲೇ ಹಾರ್ನ್ ಇದ್ದರೆ ಬ್ಯಾಟರಿಯ ಮೈನಸ್ ತಂತಿ ತೆಗೆಯಿರಿ. ಟೋಪಿ ಉಳಿದಿದ್ದರೆ ತೆಳ್ಳನೆಯ ಸ್ಕ್ರೂಡ್ರೈವರಿನಿಂದ ಸುತ್ತಲೂ ಸ್ವಲ್ಪ ಸ್ವಲ್ಪ ಎತ್ತಿ. ನಮ್ಮ ಬಿಸಿಲಿಗೆ ಒಣಗಿದ ಪ್ಲಾಸ್ಟಿಕ್ಕು ಹಪ್ಪಳಕ್ಕಿಂತ ಕಡೆ. ತಿರುಗಿ ಕೂರಿಸುವಾಗ ಗುರುತಿಗೆ ಶಾಫ್ಟಿನ ಮೇಲೊಂದು, ಹಬ್ಬಿನ ಮೇಲೊಂದು ಪಂಚಿನ ಚುಕ್ಕಿ ಎದುರುಬದರು ಹೊಡೆಯಿರಿ. ನಟ್ಟಿಗೆ ಸರಿಯಾಗಿ ಕೂಡುವ ಬಾಕ್ಸ್ ಪಾನಾ ಬೇಕು. ಪೈಪ್ ಪಾನಾದಿಂದ ಮೂಲೆ ತಿಂದುಹೋದ ನಟ್ಟು ಇನ್ನೊಂದು ಲೇಖನದ ವಿಷಯ. ಪಾನಾ ತಿರುಗಿಸುವಾಗ ಇನ್ನೊಬ್ಬರು ರಿಮ್ ಗಟ್ಟಿ ಹಿಡಿಯಲಿ. ಸ್ಟೇರಿಂಗನ್ನು ಒಂದು ಕಡೆ ಪೂರ್ತಿ ತಿರುಗಿಸಿ ಅಲ್ಲಿ ಆನಿಸಿ ಬಿಚ್ಚಿದರೆ ಆ ಭಾರವೆಲ್ಲ ಕೆಳಗೆ ಗಾಲಿ ತಿರುಗಿಸುವ ಸ್ಟೇರಿಂಗ್ ಬಾಕ್ಸಿಗೆ ಹೋಗುತ್ತದೆ.

ನಟ್ಟು ಬಂದಿತಲ್ಲ, ಅದನ್ನು ಜೇಬಿಗೆ ಹಾಕಬೇಡಿ. ಪಂಚಾಯ್ತಿಯಲ್ಲಿ ಯಾರೂ ಒಪ್ಪದ ಮಾತು ಇದೇ. ನಟ್ಟನ್ನು ತಿರುಗಿ ಹಾಕಿ, ಅದರ ಮೇಲ್ಮೈ ಶಾಫ್ಟಿನ ತುದಿಗೆ ಸಮನಾಗುವಷ್ಟು. ಸುತ್ತಿಗೆ ಬಿದ್ದಾಗ ಶಾಫ್ಟಿನ ಎಳೆಗಳು, ಅಂದರೆ ಥ್ರೆಡ್ಡು, ಅರಳದಂತೆ ಅದು ಕಾಯುತ್ತದೆ, ಮತ್ತು ಸ್ಟೇರಿಂಗ್ ಒಮ್ಮೆಲೆ ಕಳಚಿದಾಗ ನಿಮ್ಮ ಮುಂದಿನ ಹಲ್ಲುಗಳನ್ನೂ ಕಾಯುತ್ತದೆ.

ಇನ್ನು ಎಣ್ಣೆ. ಅಂಗಡಿಯ ಜಂಗು ಬಿಡಿಸುವ ಸ್ಪ್ರೇ ಒಳ್ಳೆಯದೇ. ಇಲ್ಲವೆಂದರೆ ಪವರ್ ಸ್ಟೇರಿಂಗಿಗೆ ಹಾಕುವ ಎಟಿಎಫ್ ಎಣ್ಣೆ ಮತ್ತು ಅಸಿಟೋನ್ ಸಮಸಮ ಬೆರೆಸಿ ಹಾಕಿದರೆ ನಡೆಯುತ್ತದೆ. ಅವೆರಡು ತಾವಾಗಿ ಬೇರೆಯಾಗುತ್ತವೆ, ಪ್ರತಿಸಲ ಅಲುಗಾಡಿಸಿ ಹಾಕಬೇಕು, ಪ್ಲಾಸ್ಟಿಕ್ಕಿಗೂ ಬಣ್ಣಕ್ಕೂ ತಗಲಿಸಬಾರದು. ತೊಂದರೆ ಏನೆಂದರೆ ಹಾಕಿದ್ದೆಲ್ಲ ಹಬ್ಬಿನ ಮೇಲಿಂದ ಹರಿದು ಹೋಗುತ್ತದೆ. ಅದಕ್ಕೆ ನಟ್ಟಿನ ಸುತ್ತ ಕಣಕದಿಂದ ಒಂದು ಸಣ್ಣ ಒಡ್ಡು ಕಟ್ಟಿ, ಒಳಗೆ ಎಣ್ಣೆ ನಿಲ್ಲಿಸಿ, ರಾತ್ರಿಯಿಡೀ ಬಿಡಿ. ಗೋಧಿ ಹಿಟ್ಟಿನದೇ ಆಗಬೇಕು, ಜೋಳದ ಹಿಟ್ಟು ಬಿರುಕು ಬಿಟ್ಟು ಸೋರುತ್ತದೆ. ಜೋಳದ ರೊಟ್ಟಿಯ ಈ ಸೀಮೆಗೆ ಇದು ಅವಮಾನ ನಿಜ, ಆದರೆ ಜೋಳಕ್ಕೆ ಗೋಧಿಯ ಅಂಟು ಇಲ್ಲ.

ಬೆಳಗ್ಗೆ ಸೀಟಿನ ಮೇಲೆ ಕೂತು ಎರಡೂ ಮೊಣಕಾಲು ರಿಮ್ಮಿನ ಕೆಳಗೆ ಕೊಟ್ಟು ಮೇಲಕ್ಕೆ ಒತ್ತಿ ಹಿಡಿಯಿರಿ. ಇನ್ನೊಬ್ಬರು ನಟ್ಟಿನ ಮೇಲೆ ಹಿತ್ತಾಳೆ ತುಂಡು ಇಟ್ಟು ಒಂದು ಕಿಲೋ ಸುತ್ತಿಗೆಯಿಂದ ಚುರುಕಾದ ಸಣ್ಣ ಏಟು ಕೊಡಲಿ. ದೊಡ್ಡ ಸುತ್ತಿಗೆ ಬೇಡ. ಶಾಫ್ಟಿನ ಕೆಳತುದಿ ಸ್ಟೇರಿಂಗ್ ಬಾಕ್ಸಿನ ಬೇರಿಂಗಿನಲ್ಲಿ ಕೂತಿದೆ, ಮೇಲೆ ಗುದ್ದಿದ್ದು ಅಲ್ಲಿ ಬೇರಿಂಗ್ ಗುಂಡುಗಳ ಗುರುತಾಗಿ ಉಳಿದು ಮುಂದೆ ಸ್ಟೇರಿಂಗ್ ತಡೆತಡೆದು ತಿರುಗುತ್ತದೆ.

ಅಷ್ಟರಲ್ಲಿ ಮರದ ಕೆಳಗಿಂದ ಇನ್ನೊಂದು ದನಿ. "ಮೇ ತಿಂಗಳ್ ಬಿಸ್ಲಾಗ ಎರಡ್ ದಿನ ನಿಂದ್ರಸ್ರಿ, ತಾನೇ ಸಡ್ಲ ಆಗ್ತದ."

ಕಲಬುರಗಿ ಬಿಸಿಲಿನ ಮೇಲೆ ಇಟ್ಟ ಈ ಭರವಸೆ ಮೆಚ್ಚತಕ್ಕದ್ದೇ. ಆದರೆ 42 ಡಿಗ್ರಿ ಬಿಸಿಲು ಹಬ್ಬನ್ನೂ ಶಾಫ್ಟನ್ನೂ ಒಟ್ಟಿಗೇ ಕಾಯಿಸುತ್ತದೆ. ಎರಡೂ ಸಮನಾಗಿ ಉಬ್ಬಿದರೆ ನಡುವೆ ಸಂದು ಎಲ್ಲಿಂದ ಬರಬೇಕು? ಹಬ್ಬು ಮಾತ್ರ ಬೇಗ ಕಾಯಬೇಕು. ಕುದಿಯುವ ನೀರಿನಲ್ಲಿ ಅದ್ದಿದ ದಪ್ಪ ಬಟ್ಟೆಯನ್ನು ಇಕ್ಕಳದಿಂದ ಹಿಡಿದು ಹಬ್ಬಿಗೆ ಸುತ್ತಿ, ಕೂಡಲೇ ಎಳೆಯಬೇಕು. ಗ್ಯಾಸಿನ ಬೆಂಕಿ ಹಿಡಿಯಲು ಹೊರಟವರು ಎರಡು ಸಂಗತಿ ನೆನೆಯಲಿ. ರಾತ್ರಿಯಷ್ಟೇ ಅಲ್ಲಿ ಅಸಿಟೋನ್ ಸುರಿದಿದ್ದೀರಿ, ಅದು ಬೆಂಕಿ ಕಂಡರೆ ಹತ್ತುತ್ತದೆ. ಮತ್ತು ಬಹಳಷ್ಟು ಗಾಡಿಗಳಲ್ಲಿ ಡಿಸೇಲ್ ಟ್ಯಾಂಕು ಸ್ಟೇರಿಂಗಿನ ಮುಂದೆಯೇ ಇರುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ಪುಲ್ಲರ್, ಅಂದರೆ ಹಬ್ಬನ್ನು ಹಿಡಿದು ಮೇಲಕ್ಕೆ ಎಳೆಯುವ ಸಾಧನ. ಅಂಗಡಿಯ ಮೂರು ಕಾಲಿನದು ಕಡ್ಡಿಗಳ ನಡುವೆ ಹಿಡಿತ ಸಿಗದೆ ಜಾರುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ಅರ್ಧ ತಾಸಿನಲ್ಲಿ ನಿಮ್ಮದೇ ಮಾಡಿಸಬಹುದು. 12 ಎಂಎಂ ದಪ್ಪದ, ಆರು ಇಂಚು ಉದ್ದದ ಎರಡು ಪಟ್ಟಿ. ಮೇಲಿನದರ ನಡುವೆ ತೂತು ಕೊರೆದು 16 ಎಂಎಂ ನಟ್ಟು ವೆಲ್ಡ್ ಮಾಡಿಸಿ, ಅದಕ್ಕೆ ಉದ್ದ ಬೋಲ್ಟು. ಕೆಳಗಿನದಕ್ಕೆ ಶಾಫ್ಟು ಕೂರುವಷ್ಟು ಅಗಲದ ಬಾಯಿ ಕೊಯ್ಸಿ, ಬದಿಯಿಂದ ಹಬ್ಬಿನ ಕೆಳಗೆ ತೂರಿಸಬೇಕು. ಎರಡನ್ನೂ 12 ಎಂಎಂನ ಎರಡು ಉದ್ದ ಬೋಲ್ಟುಗಳಿಂದ ಕೂಡಿಸಿ, 8.8 ಎಂದು ತಲೆಯ ಮೇಲೆ ಬರೆದದ್ದೇ ಬೇಕು, ಮೆತ್ತನೆಯದು ಎಳೆದಷ್ಟೂ ಉದ್ದವಾಗುತ್ತದೆ. ಈಗ ಶಾಫ್ಟಿನ ತುದಿಗೆ ಹಾಕಿಟ್ಟ ನಟ್ಟನ್ನು ಎರಡು ಎಳೆಯಷ್ಟು ಮೇಲಕ್ಕೆ ಬಿಟ್ಟು, ನಡುವಿನ ಬೋಲ್ಟಿಗೆ ಗ್ರೀಸ್ ಹಚ್ಚಿ, ಅದರ ತುದಿ ಶಾಫ್ಟಿನ ನಡುಗುಣಿಗೆ ಬರುವಂತೆ ಬಿಗಿ ಮಾಡಿ. ಬಿಗಿಯಾದ ಮೇಲೆ ಇನ್ನೂ ತಿರುಗಿಸುವ ಚಪಲ ತಡೆಯಿರಿ. ಬೋಲ್ಟಿನ ತಲೆಗೆ ಸುತ್ತಿಗೆಯಿಂದ ಒಂದು ಹದವಾದ ಏಟು, ಕಾಲು ಸುತ್ತು, ಚಹಾ, ಮತ್ತೆ ಒಂದು ಏಟು. ಎಳೆತ ಇದ್ದಾಗಲೇ ಅದುರಿದರೆ ಜಂಗು ಒಡೆಯುತ್ತದೆ. "ಟಕ್" ಅಂತ ಸದ್ದು ಬಂತೆಂದರೆ ಬಂತು. ಬಹಳ ಸಲ ಅದು ಯಾರೂ ಮುಟ್ಟದೆ ಇರುವಾಗ, ಚಹಾದ ಹೊತ್ತಿನಲ್ಲೇ ಬರುತ್ತದೆ, ಆಮೇಲೆ ಶ್ರೇಯಸ್ಸು ಯಾರದು ಅನ್ನುವ ಚರ್ಚೆ.

ಅದೂ ಆಗದಿದ್ದರೆ ಸ್ಟೇರಿಂಗಿನ ಆಸೆ ಬಿಡಿ. ಗ್ರೈಂಡರಿನಿಂದ ಹಬ್ಬನ್ನು ಉದ್ದುದ್ದ ಸೀಳಿ, ಹಲ್ಲು ಮುಟ್ಟುವ ಮುನ್ನ ನಿಲ್ಲಿಸಿ, ಛೀಣಿ ಇಟ್ಟು ಅಗಲಿಸಿ. ಸ್ಟೇರಿಂಗ್ ಹೋದರೆ ಹೋಯಿತು, ಶಾಫ್ಟು ಕೆಟ್ಟರೆ ಇಡೀ ಬಾಕ್ಸು ಬಿಚ್ಚಬೇಕು.

ಕೂರಿಸುವಾಗ ತಂತಿ ಬ್ರಷ್ಷಿನಿಂದ ಹಲ್ಲು ಉಜ್ಜಿ ತೆಳ್ಳಗೆ ಗ್ರೀಸ್ ಹಚ್ಚಿ, ಚುಕ್ಕಿಗೆ ಚುಕ್ಕಿ ಕೂಡಿಸಿ, ಹೊಸ ಸ್ಪ್ರಿಂಗ್ ವಾಷರ್ ಹಾಕಿ ನಟ್ಟು ಬಿಗಿ ಮಾಡಿ. ರಸ್ತೆಗೆ ಇಳಿಯುವ ಮುಂಚೆ ನಿಂತಲ್ಲೇ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಮೇಲಕ್ಕೊಮ್ಮೆ ಜಗ್ಗಿ ನೋಡಿ. ಟೋಪಿ ಇಲ್ಲದಿದ್ದರೆ ಹಳೆ ಟ್ಯೂಬು ಗುಂಡಗೆ ಕತ್ತರಿಸಿ ಅಂಟಿಸಿ, ಜೂನಿನ ಮಳೆ ಬರುವ ಮುಂಚೆ.