ಗುಳಿಗೆ ಬಿಡಲಿ, ಆಮೇಲೆ ಮನಸ್ಸು ನೋಡೋಣ ಅನ್ನೋರಿಗೆ

ಚನ್ನಗಿರಿ ಕಡೆ ಅಡಿಕೆ ಮರದಿಂದ ಬಿದ್ದು ಸೊಂಟ ಮುರಿದುಕೊಂಡವರು, ಹಿರಿಯೂರು-ಚಿತ್ರದುರ್ಗ ಹೆದ್ದಾರೀಲಿ ಪಕ್ಕದ ಸೀಟಿನ ಕ್ಲೀನರ್ ಸತ್ತದ್ದನ್ನು ಕಣ್ಣಾರೆ ಕಂಡ ಲಾರಿ ಡ್ರೈವರ್‌ಗಳು. ಇವರಿಗೆ ಗುಳಿಗೆ ಚಟ ಹತ್ತೋದು ಮೋಜಿಗಲ್ಲ. ನೋವಿಗೆ ಅಂತ ಬರೆದ ಟ್ರಮಡಾಲೋ ಟಪೆಂಟಡಾಲೋ ಸೊಂಟದ ನೋವಿನ ಜೊತೆಗೆ, ಕಣ್ಮುಚ್ಚಿದರೆ ಬರುವ ಆ ದೃಶ್ಯವನ್ನೂ ಮಂಕು ಮಾಡುತ್ತೆ. ಮೂಳೆ ಕೂಡಿದ ಮೇಲೂ ಗುಳಿಗೆ ನಿಲ್ಲದಿರೋದು ಇದಕ್ಕೇ. 2018ರಲ್ಲಿ ಟ್ರಮಡಾಲ್ ಮಾದಕ ವಸ್ತು ತಡೆಯೋ ಎನ್‌ಡಿಪಿಎಸ್ ಕಾಯ್ದೆಯಡಿ ಬಂತು, ಹಲವರು ಟಪೆಂಟಡಾಲ್‌ಗೆ ಹೊರಳಿದರು. ಕನಸಿಗೆ ಕಾಯ್ದೆ ಗೊತ್ತಾಗಲ್ಲವಲ್ಲ!

ಬರೀ ಗುಳಿಗೆ ನಿಲ್ಲಿಸಿ ಕೂರಿಸಿದರೆ ಮೊದಲ ದಿನ ಆಕಳಿಕೆ, ಮೂಗು ಸೋರಿಕೆ, ಭೇದಿ, ಎರಡು-ಮೂರನೇ ದಿನ ಜೋರು, ವಾರದಲ್ಲಿ ಇಳಿಯುತ್ತೆ. ಮನೆಯವರು ನಿಟ್ಟುಸಿರು ಬಿಡ್ತಾರೆ. ಅವನಿಗೆ ಮಾತ್ರ ನಿದ್ದೆ ಇಲ್ಲ, ಕನಸು ವಾಪಸ್. ಹಳೇ ಲೆಕ್ಕದಲ್ಲೇ ಒಂದು ಸ್ಟ್ರಿಪ್ ನುಂಗಿದರೆ ಉಸಿರು ನಿಲ್ಲಬಹುದು, ಯಾಕಂದ್ರೆ ಅಷ್ಟನ್ನು ತಾಳುವ ಶಕ್ತಿ ಮೈಯಿಂದ ಹೋಗಿರುತ್ತೆ.

ಅದರ ಬದಲು ವೈದ್ಯರ ಕೈಯಲ್ಲಿ, ಇಂಥ ಚಟಕ್ಕೆ ಬದಲಿಯಾಗಿ ಕೊಡೋ ಔಷಧಿ ಬ್ಯೂಪ್ರಿನಾರ್ಫಿನ್ ಶುರುವಾಗಲಿ. ಕೊನೇ ಗುಳಿಗೆಯಾಗಿ 12 ಗಂಟೆ ಕಳೆದು, ಚಡಪಡಿಕೆ ಕಣ್ಣಿಗೆ ಕಂಡ ಮೇಲೆ, 2ರಿಂದ 4 ಮಿಲಿಗ್ರಾಂ ನಾಲಿಗೆ ಅಡಿ. ಅವಸರ ಮಾಡಿದರೆ ಅದು ಹಳೇ ಗುಳಿಗೆಯ ಜಾಗ ಒಮ್ಮೆಲೇ ಕಿತ್ತುಕೊಳ್ಳುತ್ತೆ, ಒದ್ದಾಟ ದುಪ್ಪಟ್ಟು, 'ಔಷಧಿಯೇ ವಿಷ' ಅಂತ ಊರೆಲ್ಲ ಸುದ್ದಿ. ಕರಗೋಕೆ ಐದಾರು ನಿಮಿಷ ಬೇಕು. ನುಂಗಿದರೆ ಬಹುಪಾಲು ಲಿವರ್‌ನಲ್ಲೇ ಮುಗಿಯುತ್ತೆ. ಬಾಯಲ್ಲಿ ಎಲೆ-ಅಡಿಕೆ, ಗುಟ್ಕಾ ಇದ್ದರೆ ಮೊದಲು ಉಗುಳಿಸಿ. ಹಲವರಿಗೆ ದಿನಕ್ಕೆ 8 ಮಿಲಿಗ್ರಾಂ ಸುತ್ತಮುತ್ತ ಸಾಕು, ಕೆಲವರಿಗೆ 16 ಬೇಕು.

ಅದೇ ವಾರ ಮನಸ್ಸಿನ ಆಘಾತದ ಬಗ್ಗೆಯೂ ಕೇಳಿ: ಕೆಟ್ಟ ಕನಸು ಬೀಳುತ್ತಾ? ಆ ಜಾಗ, ಆ ಮಾತು ತಪ್ಪಿಸ್ತೀಯಾ? ಸಣ್ಣ ಸದ್ದಿಗೂ ಬೆಚ್ಚಿ ಬೀಳ್ತೀಯಾ? ಯಾರ ಮೇಲೂ ಮಮತೆ ಹುಟ್ಟದಂಗಾಗಿದೆಯಾ? ನನ್ನದೇ ತಪ್ಪು ಅನ್ನಿಸುತ್ತಾ? ಇಷ್ಟು ಸಾಕು. ಓಪಿಡಿಯಲ್ಲಿ ಭಾವಮೈದನ ಮುಂದೆ 'ಏನಾಯ್ತು, ಪೂರ್ತಿ ಹೇಳು' ಅಂದರೆ ಮುಂದಿನ ವಾರ ಅವನು ಬರಲ್ಲ. ಆ ನೆನಪನ್ನು ಎದುರಿಸುವ ಚಿಕಿತ್ಸೆ ಸುಮಾರು 12 ಸಿಟ್ಟಿಂಗ್‌ನದ್ದು. ಡೋಸ್ ಸ್ಥಿರವಾದ ಮೇಲೆ ಶುರು ಮಾಡಿ. ಅದಕ್ಕಾಗಿ ಬ್ಯೂಪ್ರಿನಾರ್ಫಿನ್ ಬಿಡಿಸಬೇಕಿಲ್ಲ.

ನಿದ್ದೆಗೆ ಅಲ್ಪ್ರಜೋಲಾಮ್ ಬರೆಯೋದು ನನಗೆ ಹಿಡಿಸದ ಸಂಗತಿ: ಬ್ಯೂಪ್ರಿನಾರ್ಫಿನ್ ಜೊತೆ ಸೇರಿದರೆ ಉಸಿರಾಟಕ್ಕೆ ಅಪಾಯ, ಆಘಾತವನ್ನೂ ಅದು ವಾಸಿ ಮಾಡಲ್ಲ. ಆಘಾತಕ್ಕೆ ಕೊಡೋ ಸರ್ಟ್ರಲಿನ್ ಗುಳಿಗೆ ಹಿಡಿಯೋಕೆ ನಾಲ್ಕಾರು ವಾರ ಬೇಕು. ಕದ್ದು ಟ್ರಮಡಾಲ್ ನುಂಗುತ್ತಿದ್ದರೆ ಎರಡೂ ಸೇರಿ ಫಿಟ್ಸ್ ಬರಬಹುದು, ಮುಂಚೇನೇ ಹೇಳಿಬಿಡಿ.

ಜಗಳೂರಿನ ಹಳ್ಳಿಯಿಂದ ದಾವಣಗೆರೆಗೆ ಬಂದರೆ ಒಂದು ದಿನದ ಕೂಲಿ ಹೋಯ್ತು. ಔಷಧಿ ಒಂದು ದಿನ, ಕೌನ್ಸೆಲಿಂಗ್ ಇನ್ನೊಂದು ದಿನ ಅಂದರೆ ಎರಡನೆಯದು ಬಿದ್ದೇ ಹೋಗುತ್ತೆ. ಎರಡೂ ಒಂದೇ ದಿನ, ಆದಷ್ಟು ತಾಲ್ಲೂಕು ಆಸ್ಪತ್ರೆಯಲ್ಲೇ ಇಡಿ. ನಡುವೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡ್ತಾರೆ.

'ಇದೂ ಗುಳಿಗೇನೇ ಅಲ್ವಾ' ಅಂತ ಬ್ಯೂಪ್ರಿನಾರ್ಫಿನ್ ಎರಡೇ ತಿಂಗಳಿಗೆ ನಿಲ್ಲಿಸಬೇಡಿ. ಮುಂದೆ ಡೋಸ್ ಇಳಿಸುವಾಗಲೂ ಅಪಘಾತವಾದ ತಿಂಗಳು ಬೇಡ. ವರ್ಷದ ಆ ದಿನ ಹತ್ತಿರ ಬಂದಂಗೆಲ್ಲ ಕನಸು ಜಾಸ್ತಿಯಾಗುತ್ತೆ.