ಉಗ್ರರೆಂಬ ಆರೋಪ ಹೊತ್ತವರಿಗೂ ಮಾಮೂಲಿ ಕೋರ್ಟೇ ಬೇಕು

"ಉಗ್ರರಿಗೆ ಯಾಕ್ರೀ ವಕೀಲರು, ಸಾಕ್ಷಿ, ಅಪೀಲು? ಮಿಲಿಟರಿ ಕೈಗೆ ಕೊಡಿ, ವಾರದಲ್ಲಿ ಮುಗಿಸ್ತಾರೆ." ಎಲ್ಲೇ ದಾಳಿ ಆದರೂ ಈ ಮಾತು ಬಂದೇ ಬರುತ್ತೆ. ಹೇಳುವವರ ಸಿಟ್ಟು ಅರ್ಥ ಆಗುತ್ತೆ. ಆದರೆ ಮಿಲಿಟರಿ ಕೈಗೆ ಕೊಟ್ಟ ಅಮೆರಿಕದಲ್ಲಿ ಏನಾಯಿತು, ಸ್ವಲ್ಪ ನೋಡಿ.

2001ರ ಸೆಪ್ಟೆಂಬರ್ 11ರ ದಾಳಿಗೆ ಸುಮಾರು ಮೂರು ಸಾವಿರ ಜನ ಬಲಿಯಾದರು. ಅದರ ಸೂತ್ರಧಾರ ಎನ್ನಲಾದ ಖಾಲಿದ್ ಶೇಖ್ ಮೊಹಮ್ಮದ್ 2003ರಲ್ಲೇ ರಾವಲ್ಪಿಂಡಿಯಲ್ಲಿ ಸಿಕ್ಕಿಬಿದ್ದ. ಇಪ್ಪತ್ತು ವರ್ಷ ಕಳೆದು ಹೋದರೂ ಕ್ಯೂಬಾದಲ್ಲಿರುವ ಅಮೆರಿಕದ ಸೇನಾನೆಲೆ ಗ್ವಾಂಟನಾಮೊದ ಮಿಲಿಟರಿ ಕೋರ್ಟಿನಲ್ಲಿ ಆ ಕೇಸಿಗೆ ತೀರ್ಪಿಲ್ಲ.

ಯಾಕೆ ಅಂದರೆ, ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯವರು ಅವನನ್ನು ಗುಟ್ಟಾದ ಜೈಲಿನಲ್ಲಿಟ್ಟು, ಮುಖಕ್ಕೆ ಬಟ್ಟೆ ಹಾಕಿ, ಉಸಿರು ಕಟ್ಟುವಂತೆ 183 ಸಲ ನೀರು ಸುರಿದಿದ್ದರು. ಹಾಗೆ ಹಿಂಸೆ ಅನುಭವಿಸಿದವರ ಬಾಯಿಂದ ಬಂದ ತಪ್ಪೊಪ್ಪಿಗೆಯನ್ನು ಯಾವ ನ್ಯಾಯಾಧೀಶ ನಂಬಬೇಕು? ಯೆಮನ್‌ನಲ್ಲಿ ಅಮೆರಿಕದ ಯುದ್ಧನೌಕೆಯ ಮೇಲೆ ನಡೆದ ದಾಳಿಯ ಕೇಸಿನಲ್ಲಿ, 2023ರಲ್ಲಿ, ಮಿಲಿಟರಿ ನ್ಯಾಯಾಧೀಶರೇ ಅಂಥ ಹೇಳಿಕೆಯನ್ನು ಪಕ್ಕಕ್ಕೆ ಹಾಕಿದರು.

ಆ ಕೋರ್ಟ್ ಹಾಲ್ ಹೇಗಿದೆ ಗೊತ್ತಾ? ಸತ್ತವರ ಮನೆಯವರು ದಪ್ಪ ಗಾಜಿನ ಆಚೆ ಕೂರಬೇಕು. ಕಣ್ಣೆದುರೇ ವಕೀಲರ ತುಟಿ ಅಲ್ಲಾಡುತ್ತಿರುತ್ತೆ, ಆ ಮಾತು ಕಿವಿಗೆ ಬೀಳುವುದು 40 ಸೆಕೆಂಡ್ ಆದ ಮೇಲೆ. ಗುಟ್ಟಿನ ವಿಷಯ ಬಂದರೆ ಮಧ್ಯದಲ್ಲೇ ಕತ್ತರಿಸಬೇಕಲ್ಲ, ಅದಕ್ಕೆ. 2013ರ ಜನವರಿಯಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ಧ್ವನಿ ನಿಂತುಹೋಯಿತು. ನಿಲ್ಲಿಸಿದ್ದು ನ್ಯಾಯಾಧೀಶರಲ್ಲ. ತಮಗೇ ಗೊತ್ತಿಲ್ಲದೆ ಹೊರಗಿನಿಂದ ಯಾರೋ ಅದನ್ನು ಕತ್ತರಿಸಿದ್ದು ಕಂಡು ಅವರೇ ಸಿಟ್ಟಾದರು. ಅದೇ ಹೊತ್ತಿಗೆ ಇನ್ನೊಂದು ವಿಷಯವೂ ಹೊರಬಂತು: ಆರೋಪಿಗಳು ವಕೀಲರ ಜೊತೆ ಮಾತಾಡುವ ಕೋಣೆಯಲ್ಲಿ, ಹೊಗೆ ಪತ್ತೆ ಮಾಡುವ ಯಂತ್ರದ ವೇಷದಲ್ಲಿ, ಮೈಕ್ ಇಟ್ಟಿದ್ದರು. ವಕೀಲರ ಹತ್ತಿರವೂ ಬಾಯಿ ಬಿಡಲಾಗದ ಜಾಗವನ್ನು ನಾನಂತೂ ಕೋರ್ಟ್ ಅಂತ ಕರೆಯಲಾರೆ.

ಮಾಮೂಲಿ ಕೋರ್ಟಿನಲ್ಲಿ ಉಗ್ರರಿಗೆ ಶಿಕ್ಷೆ ಆಗೋದೇ ಇಲ್ಲ ಅನ್ನುವವರು ಘೈಲಾನಿ ಕೇಸು ನೋಡಲಿ. 1998ರಲ್ಲಿ ಕೀನ್ಯಾ, ತಾಂಜಾನಿಯಾದ ಅಮೆರಿಕನ್ ರಾಯಭಾರ ಕಚೇರಿಗಳ ಮೇಲೆ ನಡೆದ ಬಾಂಬ್ ದಾಳಿಯ ಆರೋಪಿ ಆತ. ಗ್ವಾಂಟನಾಮೊದಿಂದ ನ್ಯೂಯಾರ್ಕಿಗೆ ಕರೆತಂದರು. ಬಲವಂತದ ವಿಚಾರಣೆಯಿಂದ ಪತ್ತೆಯಾದ ಸಾಕ್ಷಿಯೊಬ್ಬನನ್ನು ಕೋರ್ಟು ಒಪ್ಪಲಿಲ್ಲ. ಬಹುತೇಕ ಆರೋಪಗಳು ಬಿದ್ದುಹೋದವು. ಆದರೂ 2011ರಲ್ಲಿ ಜೀವಾವಧಿ ಶಿಕ್ಷೆ ಆಯಿತು.

ನಮ್ಮ ಕಸಬ್ ಕೇಸೂ ಹಾಗೇ. ಇಡೀ ದೇಶ ಟಿವಿಯಲ್ಲಿ ನೋಡಿದ್ದರೂ ಅವನಿಗೆ ವಕೀಲರನ್ನು ಕೊಟ್ಟೆವು. 2008ರ ನವೆಂಬರಿನ ದಾಳಿಗೆ 2010ರ ಮೇನಲ್ಲಿ ತೀರ್ಪು ಬಂತು. ಅದೇ ಕೇಸಿನ ಇನ್ನಿಬ್ಬರು ಆರೋಪಿಗಳನ್ನು ಸಾಕ್ಷ್ಯ ಸಾಲದು ಅಂತ ಅದೇ ನ್ಯಾಯಾಧೀಶರು ಬಿಟ್ಟರು. ನನಗೆ ಆ ತೀರ್ಪಿನ ಬಗ್ಗೆ ಹೆಮ್ಮೆ ಹುಟ್ಟುವುದೇ ಈ ಕಾರಣಕ್ಕೆ.

2017ರಲ್ಲಿ ಪಾಕಿಸ್ತಾನದ ಮಿಲಿಟರಿ ಕೋರ್ಟು ಕುಲಭೂಷಣ್ ಜಾಧವ್‌ಗೆ ಗಲ್ಲು ವಿಧಿಸಿದಾಗ "ಮುಚ್ಚಿದ ಬಾಗಿಲ ಹಿಂದೆ ನಡೆದದ್ದು ಎಂಥ ವಿಚಾರಣೆ?" ಅಂತ ನಾವೆಲ್ಲ ಕೇಳಿದ್ದೆವು. ಸರಿಯಾಗೇ ಕೇಳಿದ್ದೆವು. ಆರೋಪಿ ನಮ್ಮವನಲ್ಲದಾಗಲೂ ಅದೇ ಪ್ರಶ್ನೆ ಕೇಳಬೇಕಲ್ವಾ?

2025ರ ಜನವರಿಯಲ್ಲಿ ಗ್ವಾಂಟನಾಮೊದಲ್ಲಿ ಉಳಿದಿದ್ದವರು 15 ಜನ. ಅವರಲ್ಲಿ ಆರು ಜನರ ಮೇಲೆ ಆರೋಪಪಟ್ಟಿಯೇ ಇರಲಿಲ್ಲ. ಆರೋಪ ಇದ್ದರೆ ನ್ಯೂಯಾರ್ಕಿನ ಕೋರ್ಟಿಗೆ ತರಲಿ, ಇಲ್ಲದಿದ್ದರೆ ಬಿಡಲಿ. ಆದರೆ ಅವರನ್ನು ಅಮೆರಿಕದ ನೆಲಕ್ಕೆ ತರದಂತೆ ಅಲ್ಲಿನ ಸಂಸತ್ತೇ ಕಾನೂನು ಮಾಡಿಟ್ಟಿದೆ. ಮೊದಲು ಆ ಕಾನೂನು ಹೋಗಬೇಕು.