ವಿಧಾನ ಪರಿಷತ್ತಿನ ಸದಸ್ಯರೆಲ್ಲರೂ ಸರ್ಕಾರ ನೇಮಿಸಿದವರೇ?

‘ಕರ್ನಾಟಕ ವಿಧಾನ ಪರಿಷತ್ತಿನ 75 ಸದಸ್ಯರನ್ನೂ ಆಳುವ ಪಕ್ಷವೇ ನೇಮಿಸುತ್ತದೆ, ಅಲ್ಲಿ ಮತದಾನವೇ ಇಲ್ಲ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ನಿಜವಲ್ಲ.

ನಾಮನಿರ್ದೇಶನಗೊಳ್ಳುವವರು 11 ಮಂದಿ ಮಾತ್ರ. ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ ಚಳವಳಿ ಹಾಗೂ ಸಮಾಜ ಸೇವೆಯಲ್ಲಿ ವಿಶೇಷ ಜ್ಞಾನ ಅಥವಾ ಅನುಭವ ಉಳ್ಳವರನ್ನು ಸಂವಿಧಾನದ 171ನೇ ವಿಧಿಯಂತೆ ರಾಜ್ಯಪಾಲರು ನಾಮನಿರ್ದೇಶನ ಮಾಡುತ್ತಾರೆ. ಈ ಹೆಸರುಗಳನ್ನು ಶಿಫಾರಸು ಮಾಡುವುದು ಸಚಿವ ಸಂಪುಟವಾದ್ದರಿಂದ ತಪ್ಪುಕಲ್ಪನೆ ಇಲ್ಲಿಂದಲೇ ಹುಟ್ಟಿರಬಹುದು.

ಉಳಿದ 64 ಸ್ಥಾನಗಳಿಗೆ ಚುನಾವಣೆಯೇ ನಡೆಯಬೇಕು. 25 ಮಂದಿಯನ್ನು ಶಾಸಕರು, ಇನ್ನು 25 ಮಂದಿಯನ್ನು ಗ್ರಾಮ ಪಂಚಾಯಿತಿಯಿಂದ ಮಹಾನಗರ ಪಾಲಿಕೆಯವರೆಗಿನ ಸ್ಥಳೀಯ ಸಂಸ್ಥೆಗಳ ಸದಸ್ಯರು ಆರಿಸುತ್ತಾರೆ. ತಲಾ 7 ಸ್ಥಾನಗಳು ಪದವೀಧರರಿಗೂ ಶಿಕ್ಷಕರಿಗೂ ಸೇರಿವೆ. ಪದವಿ ಪಡೆದು ಮೂರು ವರ್ಷ ಕಳೆದವರು ಪದವೀಧರ ಕ್ಷೇತ್ರದ ಮತದಾರರ ಪಟ್ಟಿಗೆ ಅರ್ಜಿ ಕೊಟ್ಟು ಹೆಸರು ಸೇರಿಸಿಕೊಳ್ಳಬೇಕು. ವಿಧಾನಸಭೆಯ ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು ಎಂಬುದು ಬಹಳಷ್ಟು ಮಂದಿಗೆ ಮತಗಟ್ಟೆಯ ಬಾಗಿಲಲ್ಲೇ ಗೊತ್ತಾಗುತ್ತದೆ, ಅದೇ ಬೇಸರದ ಸಂಗತಿ.

ಈ ಚುನಾವಣೆಯ ಮತಪತ್ರದಲ್ಲಿ ಅಭ್ಯರ್ಥಿಯ ಹೆಸರಿನ ಮುಂದೆ, ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಪೆನ್ನಿನಿಂದಲೇ, ಪ್ರಾಶಸ್ತ್ಯದ ಅಂಕಿ, ಅಂದರೆ ಅವರು ನಿಮ್ಮ ಎಷ್ಟನೇ ಆಯ್ಕೆ ಎಂಬುದನ್ನು, ಬರೆಯಬೇಕು. ೧, ೨ ಎಂದು ಕನ್ನಡ ಅಂಕಿಯಲ್ಲೂ ಬರೆಯಬಹುದು, ಆದರೆ ‘ಒಂದು’ ಎಂದು ಅಕ್ಷರದಲ್ಲಿ ಬರೆಯುವಂತಿಲ್ಲ.

ಪರಿಷತ್ತು ವಿಧಾನಸಭೆಯಂತೆ ವಿಸರ್ಜನೆಯಾಗುವುದಿಲ್ಲ. ಸದಸ್ಯರ ಅವಧಿ ಆರು ವರ್ಷ. ಎರಡು ವರ್ಷಕ್ಕೊಮ್ಮೆ ಸುಮಾರು ಮೂರನೇ ಒಂದು ಭಾಗದಷ್ಟು ಸದಸ್ಯರು ನಿವೃತ್ತರಾಗುತ್ತಾರೆ.